ಪ್ರಾಜೆಕ್ಟ್ ರಿಪೋರ್ಟಿಗೆ ಇಂಟ್ರೊಡಕ್ಷನ್ ಬರೆಯೋದು ಹೇಗೆ?

ಪ್ರಶ್ನೆ: ನಾನು ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿ. ನಾಲ್ಕು ಜನ ಸೇರಿ ನೀರಿನ ಟ್ಯಾಂಕಿನ ಮಟ್ಟ ಅಳೆಯುವ ಸಾಧನ ಮಾಡಿದ್ದೇವೆ. ಅಲ್ಟ್ರಾಸಾನಿಕ್ ಸೆನ್ಸರ್, ಮೈಕ್ರೋಕಂಟ್ರೋಲರ್, ಮೊಬೈಲಿನಲ್ಲಿ ರೀಡಿಂಗ್. ಮಧ್ಯಾಹ್ನದ ಹೊತ್ತು ರೀಡಿಂಗ್ ಏರುಪೇರಾಗುತ್ತಿತ್ತು, ಅದಕ್ಕೆ ಆಮೇಲೆ ಒಂದು ಟೆಂಪರೇಚರ್ ಸೆನ್ಸರ್ ಕೂಡ ಸೇರಿಸಿದೆವು. ಈಗ ಚೆನ್ನಾಗಿ ಕೆಲಸ ಮಾಡುತ್ತಿದೆ. ಆದರೆ ರಿಪೋರ್ಟಿನ ಮೊದಲ ಅಧ್ಯಾಯವನ್ನು ಗೈಡ್ ಎರಡು ಸಲ ವಾಪಸ್ ಕೊಟ್ಟರು. ‘ತುಂಬಾ ಜನರಲ್ ಆಗಿದೆ’ ಅಂತ ಮಾತ್ರ ಬರೆದಿದ್ದಾರೆ. ನಮ್ಮ ಇಂಟ್ರೊಡಕ್ಷನ್ ಶುರುವಾಗೋದು ಹೀಗೆ: ‘ನೀರು ಜೀವಕ್ಕೆ ಆಧಾರ. ಇಂದಿನ ವೇಗದ ಜಗತ್ತಿನಲ್ಲಿ ತಂತ್ರಜ್ಞಾನವು ಎಲ್ಲ ಕ್ಷೇತ್ರಗಳಲ್ಲೂ ಮಹತ್ವದ ಪಾತ್ರ ವಹಿಸುತ್ತಿದೆ. ಇಂಟರ್ನೆಟ್ ಆಫ್ ಥಿಂಗ್ಸ್ ಎಂಬುದು...’ ಏನು ತಪ್ಪಾಗಿದೆ? ಎಷ್ಟು ಪುಟ ಇರಬೇಕು? ‘ನಾವು’ ಅಂತ ಬರೆಯಬಹುದಾ?

ಉತ್ತರ: ನೀವು ಹುಡುಕುತ್ತಿರುವ ಇಂಟ್ರೊಡಕ್ಷನ್ ನಿಮ್ಮ ಪ್ರಶ್ನೆಯಲ್ಲೇ ಇದೆ. ‘ಮಧ್ಯಾಹ್ನದ ಹೊತ್ತು ರೀಡಿಂಗ್ ಏರುಪೇರಾಗುತ್ತಿತ್ತು’ ಅಂತ ಬರೆದಿದ್ದೀರಲ್ಲ, ಆ ಸಾಲು. ಮೊದಲ ಅಧ್ಯಾಯದಲ್ಲಿ ಆ ಮಾತು ಎಲ್ಲೂ ಬಂದಿಲ್ಲ ಅಂತ ನನ್ನ ಊಹೆ. ಬಂದಿದ್ದರೆ ನಾಲ್ಕನೇ ಅಧ್ಯಾಯದಲ್ಲಿ, ಸರ್ಕ್ಯೂಟ್ ಚಿತ್ರದ ಕೆಳಗೆ ಎಲ್ಲೋ ಬಂದಿರುತ್ತದೆ. ಗೈಡ್ ‘ಜನರಲ್’ ಅಂದಿದ್ದು ಇದಕ್ಕೇ ಇರಬೇಕು.

ನಿಮ್ಮ ಮೊದಲ ಸಾಲುಗಳಲ್ಲಿ ವ್ಯಾಕರಣದ ತಪ್ಪಿಲ್ಲ. ಸುಳ್ಳೂ ಇಲ್ಲ. ನೀರು ಜೀವಕ್ಕೆ ಆಧಾರ ಅನ್ನೋದನ್ನು ಯಾರು ಅಲ್ಲಗಳೆಯುತ್ತಾರೆ? ಯಾರೂ ಅಲ್ಲಗಳೆಯದ ಮಾತು ಓದುವವರಿಗೆ ಹೊಸದೇನನ್ನೂ ಕೊಡುವುದಿಲ್ಲ, ಅಷ್ಟೇ. ಒಂದು ಸುಲಭದ ಪರೀಕ್ಷೆ ಇದೆ. ಆ ಪ್ಯಾರಾವನ್ನು ಕತ್ತರಿಸಿ ನೀರು ಶುದ್ಧ ಮಾಡುವ ಪ್ರಾಜೆಕ್ಟಿನ ರಿಪೋರ್ಟಿಗೆ ಅಂಟಿಸಿ ನೋಡಿ. ಕೂರುತ್ತದೆ. ಹನಿ ನೀರಾವರಿ ಪ್ರಾಜೆಕ್ಟಿಗೆ ಅಂಟಿಸಿ. ಅಲ್ಲೂ ಕೂರುತ್ತದೆ. ‘ನೀರು’ ತೆಗೆದು ‘ವಿದ್ಯುತ್’ ಅಂತ ಹಾಕಿದರೆ ಸೋಲಾರ್ ಪ್ರಾಜೆಕ್ಟಿಗೂ ಆಗುತ್ತದೆ. ಬೇರೆ ಯಾವ ರಿಪೋರ್ಟಿಗೂ ಹೊಂದದ ಮೊದಲ ವಾಕ್ಯ ಯಾವುದೋ, ನಿಮ್ಮ ಇಂಟ್ರೊಡಕ್ಷನ್ ನಿಜವಾಗಿ ಶುರುವಾಗುವುದು ಅಲ್ಲಿಂದ. ಎಷ್ಟೋ ರಿಪೋರ್ಟುಗಳಲ್ಲಿ ಅದು ಸಿಗೋದು ಎರಡನೇ ಪುಟದ ಕೊನೆಯಲ್ಲಿ. ಅದಕ್ಕಿಂತ ಮೇಲಿನದ್ದನ್ನೆಲ್ಲ ಅಳಿಸಿ. ನಷ್ಟ ಏನೂ ಆಗಲ್ಲ.

ಈ ಅಧ್ಯಾಯವನ್ನು ಓದೋರು ಯಾರು ಅಂತಲೂ ಸ್ವಲ್ಪ ಯೋಚಿಸಿ. ಗೈಡಿಗೆ ನಿಮ್ಮ ಕೆಲಸ ಗೊತ್ತು. ಹೊರಗಿಂದ ಬರುವ ಎಕ್ಸಾಮಿನರ್‌ಗೆ ಗೊತ್ತಿಲ್ಲ. ಅವರ ಮುಂದೆ ಒಂದು ರಾಶಿ ರಿಪೋರ್ಟುಗಳು ಇರುತ್ತವೆ. ಎಲ್ಲವನ್ನೂ ಮೊದಲಿಂದ ಕೊನೆವರೆಗೆ ಓದೋಕೆ ಸಮಯ ಎಲ್ಲಿ? ಇಂಟ್ರೊಡಕ್ಷನ್ ಓದುತ್ತಾರೆ, ಕನ್‌ಕ್ಲೂಷನ್ ಓದುತ್ತಾರೆ, ನಡುವೆ ಗ್ರಾಫು, ಟೇಬಲ್ಲುಗಳ ಮೇಲೆ ಕಣ್ಣಾಡಿಸುತ್ತಾರೆ. ವೈವಾದಲ್ಲಿ ಕೇಳುವ ಪ್ರಶ್ನೆಗಳು ಹುಟ್ಟೋದು ಅಲ್ಲೇ. ನೀವು ಇಂಟರ್ನೆಟ್ ಆಫ್ ಥಿಂಗ್ಸ್ ಬಗ್ಗೆ ಒಂದು ಪುಟ ಬರೆದಿದ್ದರೆ ಅವರು ಅದನ್ನೇ ಕೇಳುತ್ತಾರೆ: ‘ಯಾವ ಪ್ರೋಟೋಕಾಲ್ ಬಳಸಿದ್ದೀರಿ? ಅದೇ ಯಾಕೆ?’ ನಿಮಗೆ ಚೆನ್ನಾಗಿ ಗೊತ್ತಿರುವ ತಾಪಮಾನದ ತಿದ್ದುಪಡಿ ಬಗ್ಗೆ ಯಾರೂ ಕೇಳೋದಿಲ್ಲ. ಯಾಕಂದ್ರೆ ಅದು ಇದೆ ಅನ್ನೋದೇ ಅವರಿಗೆ ಗೊತ್ತಾಗಿರೋದಿಲ್ಲ.

ಸರಿ, ಏನು ಬರೆಯಬೇಕು? ಇಲ್ಲಿ ಜಾನ್ ಸ್ವೇಲ್ಸ್ ಎಂಬ ಭಾಷಾತಜ್ಞರ ಕೆಲಸ ನೆರವಿಗೆ ಬರುತ್ತದೆ. ಸಂಶೋಧನಾ ಲೇಖನಗಳ ಇಂಟ್ರೊಡಕ್ಷನ್‌ಗಳನ್ನು ಬಿಡಿಸಿ ನೋಡಿ, ಅವುಗಳ ಒಳಗಿನ ಓಟ ಹೇಗಿರುತ್ತದೆ ಅಂತ ಗುರುತಿಸಿದವರು ಅವರು. 1990ರಲ್ಲಿ ಅವರು ಮುಂದಿಟ್ಟ ಮಾದರಿಗೆ ಕಾರ್ಸ್ (ಕ್ರಿಯೇಟ್ ಎ ರಿಸರ್ಚ್ ಸ್ಪೇಸ್, ಅಂದರೆ ಸಂಶೋಧನೆಗೆ ಜಾಗ ಮಾಡಿಕೊಳ್ಳುವುದು) ಮಾಡೆಲ್ ಅಂತ ಹೆಸರು. ಅದರಲ್ಲಿ ಮೂರು ನಡೆಗಳಿವೆ. ನಾವು ಯಾವ ಅಂಗಳದಲ್ಲಿ ನಿಂತಿದ್ದೇವೆ ಅಂತ ತೋರಿಸುವುದು ಒಂದು. ಆ ಅಂಗಳದಲ್ಲಿ ಇನ್ನೂ ಖಾಲಿ ಬಿದ್ದಿರುವ ಜಾಗ ಯಾವುದು ಅಂತ ತೋರಿಸುವುದು ಎರಡು. ಆ ಖಾಲಿ ಜಾಗದಲ್ಲಿ ನಾವು ಏನನ್ನು ಕಟ್ಟುತ್ತೇವೆ ಅನ್ನುವುದು ಮೂರು.

ವಿದ್ಯಾರ್ಥಿಗಳ ರಿಪೋರ್ಟಿನಲ್ಲಿ ಮೊದಲನೆಯದು ಉದ್ದುದ್ದ ಬೆಳೆದಿರುತ್ತದೆ. ಮೂರನೆಯದು ‘ಆದ್ದರಿಂದ ಈ ಪ್ರಾಜೆಕ್ಟನ್ನು ಕೈಗೆತ್ತಿಕೊಳ್ಳಲಾಗಿದೆ’ ಅಂತ ದಿಢೀರನೆ ಬಂದುಬಿಡುತ್ತದೆ. ನಡುವಿನದು ಇರುವುದೇ ಇಲ್ಲ. ಇಂಟರ್ನೆಟ್ ಆಫ್ ಥಿಂಗ್ಸ್ ತುಂಬಾ ಬೆಳೆಯುತ್ತಿದೆ, ಆದ್ದರಿಂದ ನಾವು ಟ್ಯಾಂಕಿನ ನೀರು ಅಳೆದೆವು. ಆ ‘ಆದ್ದರಿಂದ’ಕ್ಕೆ ಹಿಂದೆ ಕಾರಣವೇ ಇಲ್ಲ, ಅಲ್ವಾ? ಇಂಟ್ರೊಡಕ್ಷನ್ ನಿಲ್ಲುವುದೂ ಬೀಳುವುದೂ ಈ ಎರಡನೇ ನಡೆಯ ಮೇಲೆ. ಉಳಿದದ್ದು ಸುಲಭ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಖಾಲಿ ಜಾಗ ಅಂದಕೂಡಲೇ ‘ಜಗತ್ತಿನಲ್ಲಿ ಯಾರೂ ಮಾಡದ್ದನ್ನು ಮಾಡಬೇಕಾ?’ ಅಂತ ಹೆದರಬೇಡಿ. ಅದು ಪಿಎಚ್‌ಡಿ ಮಾಡುವವರ ಚಿಂತೆ. ಪ್ರಾಜೆಕ್ಟಿಗೆ ಪ್ರಾಕ್ಟಿಕಲ್ ಕೊರತೆ ಸಾಕು. ಇರುವ ಸಾಧನ ದುಬಾರಿ, ಇರುವ ವಿಧಾನ ಒಂದು ಪರಿಸ್ಥಿತಿಯಲ್ಲಿ ತಪ್ಪು ಲೆಕ್ಕ ಕೊಡುತ್ತದೆ, ಇರುವ ಸಾಫ್ಟ್‌ವೇರ್ ಚಿಕ್ಕ ಪ್ರೊಸೆಸರ್ ಮೇಲೆ ಓಡುವುದಿಲ್ಲ. ಇವೆಲ್ಲ ಒಳ್ಳೆಯ ಕೊರತೆಗಳೇ. ‘ಇದುವರೆಗೆ ಯಾರೂ ಈ ಬಗ್ಗೆ ಕೆಲಸ ಮಾಡಿಲ್ಲ’ ಅಂತ ಮಾತ್ರ ಬರೆಯಬೇಡಿ. ಎಕ್ಸಾಮಿನರ್ ಮೊಬೈಲ್ ತೆಗೆದು ಹುಡುಕಿದರೆ ಅರ್ಧ ನಿಮಿಷದಲ್ಲಿ ಮಾತು ಬಿದ್ದುಹೋಗುತ್ತದೆ. ತಾಪಮಾನದ ತಿದ್ದುಪಡಿಯನ್ನೂ ನಿಮಗಿಂತ ಮೊದಲು ಬೇಕಾದಷ್ಟು ಜನ ಮಾಡಿದ್ದಾರೆ.

ಈಗ ನಿಮ್ಮ ಮಧ್ಯಾಹ್ನದ ಸಮಸ್ಯೆಗೆ ಬರೋಣ. ಕೊರತೆಯನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಅಂಕಿಯಲ್ಲಿ ಹೇಳಬೇಕು. ಹಾಳೆ ತಗೊಂಡು ಕೂತರೆ ಹತ್ತು ನಿಮಿಷದ ಕೆಲಸ. ಅಲ್ಟ್ರಾಸಾನಿಕ್ ಸೆನ್ಸರ್ ಶಬ್ದದ ಒಂದು ತುಣುಕನ್ನು ಕಳಿಸಿ, ಅದು ನೀರಿಗೆ ಬಡಿದು ವಾಪಸ್ ಬರೋಕೆ ಎಷ್ಟು ಹೊತ್ತಾಯಿತು ಅಂತ ಎಣಿಸುತ್ತದೆ. ಆ ಹೊತ್ತನ್ನು ಶಬ್ದದ ವೇಗದಿಂದ ಗುಣಿಸಿ ಅರ್ಧ ಮಾಡಿದರೆ ದೂರ. ವಿದ್ಯಾರ್ಥಿಗಳ ಕೋಡಿನಲ್ಲಿ ಆ ವೇಗ ಸೆಕೆಂಡಿಗೆ 343 ಮೀಟರ್ ಅಂತ ಇರುತ್ತದೆ. ಇಲ್ಲವೇ ಮೈಕ್ರೋಸೆಕೆಂಡುಗಳನ್ನು 58ರಿಂದ ಭಾಗಿಸಿದರೆ ಸೆಂಟಿಮೀಟರ್ ಅಂತ ಇರುತ್ತದೆ. ಎರಡೂ ಹೆಚ್ಚುಕಡಿಮೆ ಒಂದೇ. 58 ಅಂದರೆ ಸೆಕೆಂಡಿಗೆ ಸುಮಾರು 345 ಮೀಟರ್.

ಆದರೆ 343 ಸರಿಯಾಗುವುದು ಗಾಳಿ 20 ಡಿಗ್ರಿ ಸೆಲ್ಸಿಯಸ್ ಇದ್ದಾಗ ಮಾತ್ರ. ಒಂದೊಂದು ಡಿಗ್ರಿ ಏರಿದಾಗಲೂ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಏರುತ್ತದೆ. ಮುಚ್ಚಿದ ಟ್ಯಾಂಕಿನೊಳಗಿನ ಗಾಳಿ 40 ಡಿಗ್ರಿಗೆ ಬಂತು ಅನ್ನಿ. ವೇಗ ಆಗ ಸುಮಾರು 355. ನಿಮ್ಮ ಕೋಡಿಗೆ ಅದು ಗೊತ್ತಿಲ್ಲ. ಸೆನ್ಸರಿನಿಂದ ಟ್ಯಾಂಕಿನ ತಳಕ್ಕೆ 2 ಮೀಟರ್ ಇದ್ದರೆ ಅದು 1.93 ಮೀಟರ್ ಅಂತ ಲೆಕ್ಕ ಹಾಕುತ್ತದೆ. 7 ಸೆಂಟಿಮೀಟರ್ ತಪ್ಪು. ಅಂದರೆ ಪೂರ್ತಿ ಖಾಲಿಯಾದ ಟ್ಯಾಂಕಿನಲ್ಲಿ 7 ಸೆಂಟಿಮೀಟರ್ ನೀರಿದೆ ಅಂತ ಮೊಬೈಲ್ ತೋರಿಸುತ್ತದೆ. ಟ್ಯಾಂಕಿನ ತಳ 1 ಚದರ ಮೀಟರ್ ಇದ್ದರೆ ಅದು 70 ಲೀಟರ್. ಆ ಟ್ಯಾಂಕಿನಿಂದ ನೀರೆಳೆಯುವ ಪಂಪನ್ನು 5 ಸೆಂಟಿಮೀಟರಿಗೆ ನಿಲ್ಲಿಸುವಂತೆ ಕೋಡ್ ಬರೆದಿದ್ದರೆ ಪಂಪ್ ನಿಲ್ಲುವುದೇ ಇಲ್ಲ. ನೀರಿಲ್ಲದೆ ಓಡಿ ಸುಟ್ಟುಹೋದರೂ ಆಶ್ಚರ್ಯವಿಲ್ಲ.

ನೋಡಿ, ‘ರೀಡಿಂಗ್ ಏರುಪೇರಾಗುತ್ತಿತ್ತು’ ಅನ್ನೋ ಮಾತು ಎಲ್ಲಿಗೆ ಬಂದು ನಿಂತಿತು. ಕಾರಣ ಸಿಕ್ಕಿತು, ಪ್ರಮಾಣ ಸಿಕ್ಕಿತು, ಅದರಿಂದ ಆಗುವ ನಷ್ಟವೂ ಸಿಕ್ಕಿತು. ಈ ಮೂರು ಕೈಯಲ್ಲಿದ್ದರೆ ಪ್ರಾಬ್ಲಂ ಸ್ಟೇಟ್‌ಮೆಂಟ್ ತಾನಾಗಿ ಬರುತ್ತದೆ.

ಇಷ್ಟನ್ನು ಇಟ್ಟುಕೊಂಡು ನಿಮ್ಮ ಇಂಟ್ರೊಡಕ್ಷನ್ ಹೇಗಿರಬಹುದು ಅಂತ ಬರೆದು ತೋರಿಸುತ್ತೇನೆ. ನೀವು ರಿಪೋರ್ಟನ್ನು ಇಂಗ್ಲಿಷಿನಲ್ಲಿ ಬರೆಯುತ್ತಿರಬಹುದು. ಪರವಾಗಿಲ್ಲ, ವಾದದ ಓಟ ಅದೇ ಇರುತ್ತದೆ. ಚೌಕ ಬ್ರಾಕೆಟ್ಟಿನ ಅಂಕಿಗಳು ರೆಫರೆನ್ಸ್ ಎಲ್ಲಿ ಬರಬೇಕು ಅಂತ ತೋರಿಸೋಕೆ ಹಾಕಿದ್ದು.

‘ಟ್ಯಾಂಕಿನಲ್ಲಿ ನೀರಿನ ಮಟ್ಟವನ್ನು ತಿಳಿಯಲು ಫ್ಲೋಟ್ ಸ್ವಿಚ್, ಎಲೆಕ್ಟ್ರೋಡ್, ಒತ್ತಡದ ಸೆನ್ಸರ್ ಮತ್ತು ಅಲ್ಟ್ರಾಸಾನಿಕ್ ಸೆನ್ಸರ್ ಬಳಕೆಯಲ್ಲಿವೆ [1]. ಫ್ಲೋಟ್ ಸ್ವಿಚ್ ಒಂದು ನಿಗದಿತ ಮಟ್ಟವನ್ನು ಮಾತ್ರ ತಿಳಿಸುತ್ತದೆ. ಎಲೆಕ್ಟ್ರೋಡ್ ಮತ್ತು ಮುಳುಗಿಸಿಡುವ ಒತ್ತಡದ ಸೆನ್ಸರ್ ಸದಾ ನೀರಿನ ಸಂಪರ್ಕದಲ್ಲಿರುವುದರಿಂದ ತುಕ್ಕು ಮತ್ತು ಪಾಚಿಯ ತೊಂದರೆ ಇದೆ [2]. ಅಲ್ಟ್ರಾಸಾನಿಕ್ ಸೆನ್ಸರ್ ನೀರನ್ನು ಮುಟ್ಟದೆ ಮಟ್ಟವನ್ನು ನಿರಂತರವಾಗಿ ಅಳೆಯುತ್ತದೆ.

‘ಈ ಸೆನ್ಸರ್ ಪ್ರತಿಧ್ವನಿ ಮರಳಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕುತ್ತದೆ. ಕಡಿಮೆ ವೆಚ್ಚದ ವಿನ್ಯಾಸಗಳಲ್ಲಿ [3], [4] ಶಬ್ದದ ವೇಗವನ್ನು ಸೆಕೆಂಡಿಗೆ 343 ಮೀಟರ್ ಎಂದು ಸ್ಥಿರವಾಗಿ ಹಿಡಿಯಲಾಗಿದೆ. ಇದು 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾತ್ರ ಸರಿ. ಬಿಸಿಲಿಗೆ ಒಡ್ಡಿದ ಟ್ಯಾಂಕಿನೊಳಗಿನ ಗಾಳಿ 40 ಡಿಗ್ರಿ ತಲುಪಿದಾಗ 2 ಮೀಟರ್ ದೂರದ ಅಳತೆಯಲ್ಲಿ ಸುಮಾರು 7 ಸೆಂಟಿಮೀಟರ್ ತಪ್ಪು ಬರುತ್ತದೆ. ಟ್ಯಾಂಕ್ ಖಾಲಿಯಾದರೂ ನೀರಿದೆ ಎಂದು ಸಾಧನ ತೋರಿಸುವುದರಿಂದ ಪಂಪ್ ನೀರಿಲ್ಲದೆ ಓಡುವ ಅಪಾಯವಿದೆ.

‘ಟ್ಯಾಂಕಿನೊಳಗಿನ ಗಾಳಿಯ ತಾಪಮಾನವನ್ನು ಅಳೆದು, ಪ್ರತಿ ರೀಡಿಂಗಿಗೂ ಶಬ್ದದ ವೇಗವನ್ನು ತಿದ್ದಿಕೊಳ್ಳುವ ಮಟ್ಟಮಾಪಕವನ್ನು ಈ ಪ್ರಾಜೆಕ್ಟಿನಲ್ಲಿ ತಯಾರಿಸಲಾಗಿದೆ. 20ರಿಂದ 40 ಡಿಗ್ರಿವರೆಗಿನ ತಾಪಮಾನದಲ್ಲಿ, 2 ಮೀಟರ್ ದೂರದವರೆಗೆ, ತಪ್ಪನ್ನು 3 ಸೆಂಟಿಮೀಟರ್ ಒಳಗೆ ಇಡುವುದು ಗುರಿ. ತಿದ್ದುಪಡಿ ಇದ್ದಾಗ ಮತ್ತು ಇಲ್ಲದಾಗ ಬಂದ ರೀಡಿಂಗುಗಳನ್ನು ಅಳತೆಪಟ್ಟಿಯ ರೀಡಿಂಗಿನೊಂದಿಗೆ ಹೋಲಿಸಲಾಗಿದೆ. ಗಾಳಿಯ ತೇವಾಂಶದ ಪರಿಣಾಮವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ.’

ಇಷ್ಟೇ. ಇದನ್ನು ಬೇರೆ ಯಾವ ಪ್ರಾಜೆಕ್ಟಿಗಾದರೂ ಅಂಟಿಸಿ ನೋಡಿ, ಅಂಟಲ್ಲ.

ಮೊದಲ ಪ್ಯಾರಾ ಶುರುವಾಗಿದ್ದು ಟ್ಯಾಂಕಿನಿಂದ. ಭೂಮಿಯ ಮೇಲಿನ ನೀರಿನಿಂದ ಅಲ್ಲ, ತಂತ್ರಜ್ಞಾನದ ಇತಿಹಾಸದಿಂದಲೂ ಅಲ್ಲ. ಎಷ್ಟು ಅಗಲದಿಂದ ಶುರು ಮಾಡಬೇಕು ಅನ್ನೋ ಗೊಂದಲ ಎಲ್ಲರಿಗೂ ಇರುತ್ತದೆ. ನಾನು ಹೇಳೋದು ಹೀಗೆ: ನಿಮ್ಮ ಸಮಸ್ಯೆಗಿಂತ ಒಂದೇ ಒಂದು ಮೆಟ್ಟಿಲು ಮೇಲೆ ನಿಂತು ಶುರು ಮಾಡಿ. ನಿಮ್ಮ ಸಮಸ್ಯೆ ಅಲ್ಟ್ರಾಸಾನಿಕ್ ಸೆನ್ಸರಿನ ತಪ್ಪು. ಅದಕ್ಕಿಂತ ಒಂದು ಮೆಟ್ಟಿಲು ಮೇಲೆ ಇರೋದು ಟ್ಯಾಂಕಿನ ಮಟ್ಟ ಅಳೆಯುವ ವಿಧಾನಗಳು. ಅಲ್ಲಿಂದ ಸಾಕು. ನಿಮ್ಮದೇ ವಿಭಾಗದ, ಆದರೆ ಬೇರೆ ಬ್ಯಾಚಿನ ವಿದ್ಯಾರ್ಥಿಗೆ ಏನು ಮೊದಲೇ ಗೊತ್ತಿರುತ್ತದೋ ಅದನ್ನು ವಿವರಿಸಬೇಕಾಗಿಲ್ಲ. ಮೈಕ್ರೋಕಂಟ್ರೋಲರ್ ಅಂದರೇನು ಅಂತ ಇಂಜಿನಿಯರಿಂಗ್ ರಿಪೋರ್ಟಿನಲ್ಲಿ ಬರೆದರೆ ಓದುವವರಿಗೆ ಸ್ವಲ್ಪ ಅವಮಾನವೇ.

ಎರಡನೇ ಪ್ಯಾರಾದಲ್ಲಿ ಬೇರೆಯವರ ಕೆಲಸದ ಪ್ರಸ್ತಾಪ ಇದೆ, ಆದರೆ ಅದು ಲಿಟರೇಚರ್ ಸರ್ವೇ ಅಲ್ಲ. ಇವೆರಡನ್ನು ಕಲಸುವುದು ತುಂಬಾ ಕಾಮನ್. ಸರ್ವೇ ಅಧ್ಯಾಯದಲ್ಲಿ ಒಬ್ಬೊಬ್ಬರು ಏನು ಮಾಡಿದರು, ಹೇಗೆ ಮಾಡಿದರು, ಎಷ್ಟು ಫಲಿತಾಂಶ ಬಂತು ಅಂತ ವಿವರವಾಗಿ ಬರೆಯಿರಿ. ಇಂಟ್ರೊಡಕ್ಷನ್ನಿಗೆ ಕೊರತೆಯನ್ನು ಸಾಬೀತು ಮಾಡೋಕೆ ಬೇಕಾದಷ್ಟೇ ತನ್ನಿ. ಎಲ್ಲ ರೆಫರೆನ್ಸುಗಳನ್ನೂ ಒಂದು ವಾಕ್ಯದ ಕೊನೆಯಲ್ಲಿ [1]ರಿಂದ [12]ರವರೆಗೆ ಅಂತ ಗುಡ್ಡೆ ಹಾಕಬೇಡಿ. ಯಾವ ಮಾತಿಗೆ ಯಾವ ಆಧಾರ ಅಂತ ಯಾರಿಗೂ ಗೊತ್ತಾಗುವುದಿಲ್ಲ, ನೀವು ಅವನ್ನು ಓದಿಲ್ಲ ಅನ್ನೋದು ಮಾತ್ರ ಗೊತ್ತಾಗುತ್ತದೆ. ಇನ್ನೊಂದು ವಿಷಯ: ಬೇರೆಯವರ ವಿನ್ಯಾಸದಲ್ಲಿ ಕೊರತೆ ಇದೆ ಅಂತ ಹೇಳುವಾಗ ತೆಗಳಬೇಡಿ. ‘343 ಎಂದು ಸ್ಥಿರವಾಗಿ ಹಿಡಿಯಲಾಗಿದೆ’ ಅಂದರೆ ಸಾಕು. ಅವರ ಕೆಲಸಕ್ಕೆ ಅಷ್ಟು ನಿಖರತೆ ಬೇಕಿರಲಿಲ್ಲವೋ ಏನೋ.

ಮೂರನೇ ಪ್ಯಾರಾದ 3 ಸೆಂಟಿಮೀಟರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. 1 ಸೆಂಟಿಮೀಟರ್ ಅಂತ ಬರೆಯೋ ಆಸೆ ನಿಮಗೆ ಖಂಡಿತ ಬರುತ್ತದೆ. ಟೆಂಪರೇಚರ್ ಸೆನ್ಸರ್ ಅರ್ಧ ಡಿಗ್ರಿ ತಪ್ಪಿದರೂ 2 ಮೀಟರಿಗೆ 2 ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸ ಬರೋದು, ಹಾಗಾದರೆ 1 ಸೆಂಟಿಮೀಟರ್ ಆರಾಮಾಗಿ ಸಿಗುತ್ತದಲ್ಲ ಅನ್ನಿಸುತ್ತದೆ. ಆದರೆ ಟ್ಯಾಂಕಿನೊಳಗೆ ನೀರಿದೆ, ಗಾಳಿಯಲ್ಲಿ ತೇವ ತುಂಬಿರುತ್ತದೆ. ತೇವದ ಗಾಳಿಯಲ್ಲಿ ಶಬ್ದ ಒಣ ಗಾಳಿಗಿಂತ ತುಸು ವೇಗವಾಗಿ ಹೋಗುತ್ತದೆ. 40 ಡಿಗ್ರಿಯಲ್ಲಿ ಪೂರ್ತಿ ತೇವ ತುಂಬಿದ್ದರೆ ವ್ಯತ್ಯಾಸ ಶೇಕಡಾ 1ರ ಆಸುಪಾಸು ಬರುತ್ತದೆ. 2 ಮೀಟರಿಗೆ ಅದೇ 2 ಸೆಂಟಿಮೀಟರ್ ಆಯಿತು. ನಿಮ್ಮ ಸಾಧನದಲ್ಲಿ ತೇವಾಂಶದ ಸೆನ್ಸರ್ ಇಲ್ಲ. ಹಾಗಾಗಿ 1 ಸೆಂಟಿಮೀಟರ್ ಅಂತ ಬರೆದರೆ ಫಲಿತಾಂಶದ ಅಧ್ಯಾಯದಲ್ಲಿ ನೀವೇ ಸಿಕ್ಕಿಬೀಳುತ್ತೀರಿ. 3 ಅಂತ ಬರೆದು, ತೇವಾಂಶವನ್ನು ಬಿಟ್ಟಿದ್ದೇವೆ ಅಂತ ಒಂದು ಸಾಲು ಸೇರಿಸಿದರೆ ಯಾರೂ ತಕರಾರು ಮಾಡೋಕಾಗಲ್ಲ. ‘ಯಾಕೆ ಬಿಟ್ಟಿರಿ?’ ಅಂತ ವೈವಾದಲ್ಲಿ ಕೇಳಿದರೆ ಮೇಲಿನ ಲೆಕ್ಕ ಹೇಳಿ. ಅಂಥ ಪ್ರಶ್ನೆ ಬರೋದೇ ಒಳ್ಳೆಯದು.

ಸ್ಕೋಪ್ ಅನ್ನೋದು ಇದೇ. ಬಹಳಷ್ಟು ರಿಪೋರ್ಟುಗಳಲ್ಲಿ ಸ್ಕೋಪ್ ತಲೆಬರಹದ ಕೆಳಗೆ ‘ಈ ಸಾಧನವನ್ನು ಮನೆ, ಆಸ್ಪತ್ರೆ, ಕಾರ್ಖಾನೆ, ಕೃಷಿ ಮುಂತಾದ ಕಡೆ ಬಳಸಬಹುದು’ ಅಂತ ಇರುತ್ತದೆ. ಅದು ಜಾಹೀರಾತು. ಯಾವ ತಾಪಮಾನದವರೆಗೆ, ಯಾವ ಆಳದವರೆಗೆ, ಯಾವ ದ್ರವಕ್ಕೆ ಪರೀಕ್ಷೆ ಮಾಡಿದ್ದೀರಿ, ಏನನ್ನು ಮಾಡಿಲ್ಲ ಅಂತ ಬರೆದರೆ ಸ್ಕೋಪ್.

ಆಬ್ಜೆಕ್ಟಿವ್‌ಗಳಲ್ಲಿ ‘ಅಧ್ಯಯನ ಮಾಡುವುದು’, ‘ಅರಿವು ಪಡೆಯುವುದು’ ಅನ್ನೋ ಕ್ರಿಯಾಪದಗಳನ್ನು ಬಿಡಿ. ಅಧ್ಯಯನ ಮುಗಿಯಿತು ಅಂತ ಹೇಗೆ ತಿಳಿಯೋದು? ಅಳೆಯುವುದು, ಹೋಲಿಸುವುದು, ಇಷ್ಟಕ್ಕಿಂತ ಕಡಿಮೆ ಮಾಡುವುದು, ಇಷ್ಟು ಹೊತ್ತಿನೊಳಗೆ ಮುಗಿಸುವುದು, ಇಂಥವು ಇರಲಿ. ಎರಡೋ ಮೂರೋ ಇದ್ದರೆ ಸಾಕು. ಒಂದೊಂದು ಆಬ್ಜೆಕ್ಟಿವ್‌ಗೂ ಫಲಿತಾಂಶದ ಅಧ್ಯಾಯದಲ್ಲಿ ಒಂದು ಟೇಬಲ್ಲೋ ಗ್ರಾಫೋ ಇರಲೇಬೇಕು. ಇಲ್ಲದಿದ್ದರೆ ಆ ಆಬ್ಜೆಕ್ಟಿವ್ ತೆಗೆದುಹಾಕಿ.

ಮೊಬೈಲ್ ಆಪ್ ಎಲ್ಲಿ ಹೋಯಿತು ಅಂತ ನಿಮ್ಮ ಗೆಳೆಯರು ಕೇಳಬಹುದು, ವಿಶೇಷವಾಗಿ ಅದನ್ನು ಬರೆದವರು. ಅದು ಮೂರನೇ ಪ್ಯಾರಾದಲ್ಲಿ ಒಂದು ವಾಕ್ಯವಾಗಿ ಬರಲಿ. ಅದಕ್ಕೆ ಪಟ್ಟ ಶ್ರಮವನ್ನು ವಿನ್ಯಾಸದ ಅಧ್ಯಾಯದಲ್ಲಿ ಧಾರಾಳವಾಗಿ ಬರೆಯಿರಿ. ಯಾವುದಕ್ಕೆ ಹೆಚ್ಚು ದಿನ ಹಿಡಿಯಿತು ಅನ್ನೋದಕ್ಕೂ ಇಂಟ್ರೊಡಕ್ಷನ್ನಿನಲ್ಲಿ ಯಾವುದಕ್ಕೆ ಹೆಚ್ಚು ಜಾಗ ಅನ್ನೋದಕ್ಕೂ ಸಂಬಂಧ ಇಲ್ಲ.

ಬೇರೆ ವಿಭಾಗದವರೂ ಇದನ್ನು ಓದುತ್ತಿರುತ್ತೀರಿ, ನಿಮಗೂ ಎರಡು ಮಾತು. ಸಿಮೆಂಟಿನ ಬದಲು ಒಂದಿಷ್ಟು ಫ್ಲೈ ಆಶ್ (ಕಲ್ಲಿದ್ದಲು ಸುಟ್ಟಾಗ ಬರುವ ಹಾರುಬೂದಿ) ಹಾಕಿ ಕಾಂಕ್ರೀಟ್ ಮಾಡಿದವರು ‘ಕಟ್ಟಡ ನಿರ್ಮಾಣ ವೇಗವಾಗಿ ಬೆಳೆಯುತ್ತಿದೆ’ ಅಂತ ಶುರು ಮಾಡುತ್ತಾರೆ. ಆದರೆ ಅಲ್ಲಿನ ನಿಜವಾದ ತಕರಾರು ಬೇರೆ. ಫ್ಲೈ ಆಶ್ ಕಾಂಕ್ರೀಟ್ ನಿಧಾನವಾಗಿ ಗಟ್ಟಿಯಾಗುತ್ತದೆ. ಸಿಮೆಂಟ್ ನೀರಿನ ಜೊತೆ ಸೇರಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬಿಟ್ಟ ಮೇಲಷ್ಟೇ ಬೂದಿ ಅದರೊಂದಿಗೆ ಸೇರಿ ಬಲ ಕೊಡೋಕೆ ಶುರು ಮಾಡೋದು. ಹಾಗಾಗಿ 7 ದಿನದ ಬಲ ಕಡಿಮೆ ಇರುತ್ತದೆ, ಆಮೇಲೆ ನಿಧಾನವಾಗಿ ಸಮನಾಗುತ್ತಾ ಬರುತ್ತದೆ. ಸೆಂಟ್ರಿಂಗ್ ಯಾವಾಗ ಬಿಚ್ಚಬಹುದು ಅನ್ನೋ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಇಂಟ್ರೊಡಕ್ಷನ್ ಆ ಪ್ರಶ್ನೆಯ ಸುತ್ತ ಇರಲಿ.

ಕಂಪ್ಯೂಟರ್ ಸೈನ್ಸಿನವರಿಗೆ ಇನ್ನೊಂದು ಬಲೆ ಇದೆ: ಅಕ್ಯುರೆಸಿ. ‘ಈಗಿರುವ ವಿಧಾನಗಳ ಅಕ್ಯುರೆಸಿ ಕಡಿಮೆ, ನಾವು ಹೆಚ್ಚಿಸಿದ್ದೇವೆ’ ಅಂತ ಬರೆದುಬಿಡುತ್ತಾರೆ. ಯಾವ ಡೇಟಾ ಮೇಲೆ? ನೂರು ಸ್ಯಾಂಪಲ್‌ಗಳಲ್ಲಿ 95 ಒಂದೇ ಬಗೆಯವಾಗಿದ್ದರೆ, ಏನೂ ಕಲಿಯದೆ ಎಲ್ಲಕ್ಕೂ ಅದೇ ಉತ್ತರ ಹೇಳುವ ಪ್ರೋಗ್ರಾಂ ಕೂಡ 95 ಪರ್ಸೆಂಟ್ ತೆಗೆಯುತ್ತದೆ. ಮುಖ ನೋಡಿ ಹಾಜರಿ ಹಾಕುವ ಪ್ರಾಜೆಕ್ಟಾದರೆ, ಕಿಟಕಿಯ ಬೆಳಕು ಬೆನ್ನ ಹಿಂದಿನಿಂದ ಬಂದಾಗ ಏನಾಗುತ್ತದೆ ಅಂತ ಹೇಳಿ. ಕೊರತೆ ಅಂಥ ಕಡೆ ಇರುತ್ತದೆ.

ಈಗ ಬರೆಯುವ ಕ್ರಮ. ಇಂಟ್ರೊಡಕ್ಷನ್ ಮೊದಲ ಅಧ್ಯಾಯ, ಆದರೆ ಅದನ್ನು ಮೊದಲು ಬರೆದು ಮುಗಿಸಬೇಕಾಗಿಲ್ಲ. ಪ್ರಾಬ್ಲಂ ಸ್ಟೇಟ್‌ಮೆಂಟ್ ಮತ್ತು ಆಬ್ಜೆಕ್ಟಿವ್‌ಗಳನ್ನು ಕೆಲಸ ಶುರುವಾಗುವಾಗಲೇ ಒಂದು ಹಾಳೆಯಲ್ಲಿ ಬರೆದಿಡಿ. ಉಳಿದದ್ದನ್ನು ಫಲಿತಾಂಶ, ಕನ್‌ಕ್ಲೂಷನ್ ಎರಡೂ ಆದಮೇಲೆ ಬರೆಯಿರಿ. ನಿಮ್ಮ ವಿಷಯದಲ್ಲೇ ನೋಡಿ, ಟೆಂಪರೇಚರ್ ಸೆನ್ಸರ್ ಬಂದಿದ್ದು ನಡುವೆ. ಶುರುವಿನಲ್ಲೇ ಬರೆದಿಟ್ಟ ಇಂಟ್ರೊಡಕ್ಷನ್ನಿನಲ್ಲಿ ಅದು ಹೇಗೆ ತಾನೇ ಇರುತ್ತದೆ? ಎಲ್ಲ ಮುಗಿದ ಮೇಲೆ ಇಂಟ್ರೊಡಕ್ಷನ್ನಿನ ಕೊನೆಯ ಪ್ಯಾರಾ ಮತ್ತು ಕನ್‌ಕ್ಲೂಷನ್ನಿನ ಮೊದಲ ಪ್ಯಾರಾವನ್ನು ಅಕ್ಕಪಕ್ಕ ಇಟ್ಟು ಓದಿ. ಒಂದರಲ್ಲಿ ಕೇಳಿದ್ದಕ್ಕೆ ಇನ್ನೊಂದರಲ್ಲಿ ಉತ್ತರ ಇರಬೇಕು. 3 ಸೆಂಟಿಮೀಟರ್ ಅಂತ ಗುರಿ ಇಟ್ಟು ಕೊನೆಗೆ ‘ಸಾಧನ ಯಶಸ್ವಿಯಾಗಿ ಕೆಲಸ ಮಾಡಿತು’ ಅಂತ ಮುಗಿಸಿದ್ದರೆ ಎಲ್ಲೋ ಕೊಂಡಿ ಕಳಚಿದೆ.

ಬರೆಯೋಕೆ ಕೂತಾಗ ಏನೂ ತೋಚದಿದ್ದರೆ ಪ್ರಾಜೆಕ್ಟಿಗೆ ಸಂಬಂಧವಿಲ್ಲದ ಒಬ್ಬ ಗೆಳೆಯನನ್ನು ಕೂರಿಸಿಕೊಂಡು, ಏನು ಮಾಡಿದ್ದೀರಿ, ಯಾಕೆ ಮಾಡಿದ್ದೀರಿ ಅಂತ ಕನ್ನಡದಲ್ಲೇ ಹೇಳಿ. ಬಾಯಲ್ಲಿ ಹೇಳುವಾಗ ‘ಇಂದಿನ ವೇಗದ ಜಗತ್ತಿನಲ್ಲಿ’ ಅಂತ ಯಾರೂ ಶುರು ಮಾಡುವುದಿಲ್ಲ. ‘ಈ ಸೆನ್ಸರ್ ಬಿಸಿಲಿಗೆ ಸುಳ್ಳು ಹೇಳ್ತಿತ್ತು ಕಣೋ’ ಅಂತಲೇ ಶುರು ಮಾಡುತ್ತೀರಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅದನ್ನೇ ಬರವಣಿಗೆಗೆ ಇಳಿಸಿದರೆ ಅರ್ಧ ಕೆಲಸ ಆದಂತೆ.

ಎಐ ಟೂಲುಗಳಿಂದ ಬರೆಸುವವರೂ ಇದ್ದಾರೆ. ನಿಮ್ಮ ಕಾಲೇಜಿನ ನಿಯಮ ಏನಿದೆಯೋ ಅದನ್ನು ಮೊದಲು ಕೇಳಿ. ನಿಯಮ ಬಿಟ್ಟು ಹೇಳುವುದಾದರೆ, ಪ್ರಾಜೆಕ್ಟಿನ ಹೆಸರು ಮಾತ್ರ ಕೊಟ್ಟರೆ ಅವು ಕೊಡೋದು ನೀವು ಈಗ ಬರೆದಿರುವಂಥದ್ದೇ ಪ್ಯಾರಾವನ್ನು. ನಿಮ್ಮ ಟ್ಯಾಂಕಿನಲ್ಲಿ ಮಧ್ಯಾಹ್ನ ಏನಾಯಿತು ಅಂತ ಅವಕ್ಕೆ ಹೇಗೆ ಗೊತ್ತಾಗಬೇಕು? ಅಲ್ಲದೆ ಇಲ್ಲದ ಲೇಖನಗಳ ಹೆಸರನ್ನು ರೆಫರೆನ್ಸ್ ಅಂತ ಕೊಡುವ ಚಾಳಿಯೂ ಅವಕ್ಕಿದೆ. ಒಂದೊಂದನ್ನೂ ತೆರೆದು ಓದದೆ ಪಟ್ಟಿಗೆ ಸೇರಿಸಬೇಡಿ.

ಪುಟದ ಲೆಕ್ಕ ಕೇಳಿದ್ದೀರಿ. ನಿಮ್ಮ ವಿಭಾಗ ಫಾರ್ಮ್ಯಾಟ್ ಕೊಟ್ಟಿದ್ದರೆ ಅದೇ ಅಂತಿಮ. ಕೊಟ್ಟಿಲ್ಲದಿದ್ದರೆ 50 ಪುಟದ ರಿಪೋರ್ಟಿಗೆ ಮೂರರಿಂದ ಐದು ಪುಟ ಸಾಕು ಅನ್ನೋದು ನನ್ನ ಅಭಿಪ್ರಾಯ. ಅದರಲ್ಲಿ ಹಿನ್ನೆಲೆಗೆ ಒಂದು ಪುಟಕ್ಕಿಂತ ಜಾಸ್ತಿ ಬೇಡ. ಕೊರತೆಯ ಭಾಗವನ್ನು ಬೇಕಾದರೆ ಬೆಳೆಸಿ, ಮೇಲಿನ ಲೆಕ್ಕವನ್ನು ಒಂದು ಚಿಕ್ಕ ಗ್ರಾಫಿನಲ್ಲಿ ತೋರಿಸಿ: ಅಡ್ಡ ಗೆರೆಯಲ್ಲಿ ತಾಪಮಾನ, ಉದ್ದ ಗೆರೆಯಲ್ಲಿ ತಪ್ಪು. ಇಂಟ್ರೊಡಕ್ಷನ್ನಿನಲ್ಲಿ ಚಿತ್ರ ಇರಬಾರದು ಅಂತ ಏನಿಲ್ಲ. ಕೊನೆಯಲ್ಲಿ ‘ಎರಡನೇ ಅಧ್ಯಾಯದಲ್ಲಿ ಇಂಥದ್ದು, ಮೂರನೆಯದರಲ್ಲಿ ಇಂಥದ್ದು’ ಅನ್ನುವ ಪ್ಯಾರಾ ವಾಡಿಕೆ. ನಾಲ್ಕೈದು ಸಾಲಿನಲ್ಲಿ ಮುಗಿಸಿ. ಅಬ್‌ಸ್ಟ್ರಾಕ್ಟನ್ನು ಎತ್ತಿ ಇಲ್ಲಿ ಮತ್ತೆ ಹಾಕಬೇಡಿ. ಅಬ್‌ಸ್ಟ್ರಾಕ್ಟಿನಲ್ಲಿ ಫಲಿತಾಂಶ ಬರಬೇಕು. ಇಂಟ್ರೊಡಕ್ಷನ್ನಿನಲ್ಲಿ ಗುರಿಯವರೆಗೆ ಬಂದು ನಿಂತರೆ ಸಾಕು.

ಇನ್ನು ‘ನಾವು’. ಈಗ ಎಷ್ಟೋ ಜರ್ನಲ್‌ಗಳಲ್ಲಿ ‘ನಾವು ಅಳೆದೆವು’ ಅಂತ ಬರೆಯುವುದು ಸಾಮಾನ್ಯ. ಆದರೆ ಅನೇಕ ಕಾಲೇಜುಗಳ ಫಾರ್ಮ್ಯಾಟ್ ಇನ್ನೂ ‘ಅಳೆಯಲಾಯಿತು’ ಅನ್ನೋದನ್ನೇ ಕೇಳುತ್ತದೆ. ಗೈಡನ್ನು ಒಂದು ಮಾತು ಕೇಳಿ, ಅವರು ಹೇಳಿದ್ದನ್ನು ಇಡೀ ರಿಪೋರ್ಟಿಗೆ ಪಾಲಿಸಿ. ಒಂದು ಅಧ್ಯಾಯದಲ್ಲಿ ‘ನಾವು’, ಇನ್ನೊಂದರಲ್ಲಿ ‘ಅಳೆಯಲಾಯಿತು’ ಅಂತ ಇದ್ದರೆ ನಾಲ್ಕು ಜನ ಹಂಚಿಕೊಂಡು ಬರೆದಿದ್ದು ಗೊತ್ತಾಗಿಬಿಡುತ್ತದೆ. ಅದನ್ನು ತಪ್ಪಿಸೋಕೆ ನಿಮ್ಮಲ್ಲಿ ಒಬ್ಬರು ಕೊನೆಗೆ ಇಡೀ ರಿಪೋರ್ಟನ್ನು ಒಂದೇ ಕೈಯಲ್ಲಿ ತಿದ್ದಲಿ. ‘ಲಾಯಿತು’ ಶೈಲಿಯಲ್ಲಿ ಬರೆಯುವಾಗ ಮಾತ್ರ ಒಂದು ಎಚ್ಚರ ಬೇಕು. ‘343 ಎಂದು ಹಿಡಿಯಲಾಗಿದೆ’ ಅಂದರೆ ಹಿಡಿದದ್ದು ನೀವೋ ಬೇರೆಯವರೋ ಗೊತ್ತಾಗುವುದಿಲ್ಲ. ಬೇರೆಯವರ ಕೆಲಸದ ಮುಂದೆ ಬ್ರಾಕೆಟ್ಟಿನ ಅಂಕಿ ಇರಲಿ, ನಿಮ್ಮ ಕೆಲಸದ ಮುಂದೆ ‘ಈ ಪ್ರಾಜೆಕ್ಟಿನಲ್ಲಿ’ ಅಂತ ಇರಲಿ.